ತೂತು ಮೊದಲು, ಬಣ್ಣ ಆಮೇಲೆ

ಬೇಸಿಗೆ ರಜೆ ಶುರುವಾಗಿ ವಾರ ಕಳೆಯುವಷ್ಟರಲ್ಲಿ ಮನೆಮನೆಯಲ್ಲೂ ‘ಬೋರಾಗ್ತಿದೆ’ ಎಂಬ ರಾಗ ಎದ್ದಿರುತ್ತದೆ. ಅಟ್ಟದ ಮೇಲೆ, ಬಾಲ್ಕನಿಯ ಮೂಲೆಯಲ್ಲಿ ಎಣ್ಣೆ ಕ್ಯಾನು, ಪೇಂಟಿನ ಬಕೆಟ್ಟು, ಐಸ್‌ಕ್ರೀಮಿನ ಡಬ್ಬಗಳು ‘ಮುಂದೆ ಬೇಕಾದೀತು’ ಎಂಬ ನೆಪದಲ್ಲಿ ಸೇರಿಕೊಂಡಿರುತ್ತವೆ. ಎರಡಕ್ಕೂ ಒಂದೇ ಮದ್ದು ಎಂದುಕೊಂಡು ನೀವೂ ಮಕ್ಕಳನ್ನು ಕೂರಿಸಿಕೊಂಡು ಬಾಟಲಿ ಕತ್ತರಿಸಿ, ಕಣ್ಣು ಮೂಗು ಬರೆದು, ಮಣ್ಣು ತುಂಬಿ, ಗಿಡ ನೆಟ್ಟು ಕಿಟಕಿಯಲ್ಲಿ ಇಟ್ಟಿರಬಹುದು. ಫೋಟೊ ಚೆನ್ನಾಗಿಯೇ ಬಂದಿರುತ್ತದೆ. ಹದಿನೈದು ದಿನದಲ್ಲಿ ಎಲೆ ಹಳದಿಯಾಗಿ, ಬುಡ ಮೆತ್ತಗಾಗಿ ಗಿಡ ಮಲಗಿರುತ್ತದೆ. ‘ನನ್ನ ಕೈಗೆ ಗಿಡ ಹತ್ತಲ್ಲ’ ಎಂದು ಮಗು ಆ ಕಡೆ ತಿರುಗಿಯೂ ನೋಡುವುದಿಲ್ಲ.

ಇಂಥ ಗಿಡಗಳು ಹೆಚ್ಚಾಗಿ ಸಾಯುವುದು ಕುಂಡವನ್ನು ನೋಡುವವರ ಕಣ್ಣಿಗೆ ತಕ್ಕಂತೆ ಮಾಡಿ, ಬೇರಿನ ಗೋಜಿಗೇ ಹೋಗದಿರುವುದರಿಂದ. ಬೇರಿಗೆ ಬೇಕಾದದ್ದನ್ನು ಮೊದಲು ಮಾಡಿ ಚಿತ್ತಾರವನ್ನು ಕೊನೆಗಿಟ್ಟುಕೊಂಡರೆ, ಐದು ವರ್ಷದ ಮಗು ಮಾಡಿದ ಸೊಟ್ಟ ಡಬ್ಬದಲ್ಲೂ ಮೆಂತ್ಯ ಸೊಂಪಾಗಿ ಬರುತ್ತದೆ.

ಹಳೆ ಸಾಮಾನಿನಲ್ಲಿ ಗಿಡ ಬೆಳೆಸುವುದು ನಮಗೇನೂ ಹೊಸದಲ್ಲ. ತಳ ಹೋದ ಕೊಡ, ಹಿಡಿ ಮುರಿದ ಬಕೆಟ್ಟು, ತುಕ್ಕು ಹಿಡಿದ ಡಾಲ್ಡಾ ಡಬ್ಬಗಳಲ್ಲಿ ತುಳಸಿ, ಕನಕಾಂಬರ, ದೊಡ್ಡಪತ್ರೆ ಬೆಳೆದ ಹಿತ್ತಿಲುಗಳನ್ನು ನೋಡಿಯೇ ನಮ್ಮಲ್ಲಿ ಅನೇಕರು ದೊಡ್ಡವರಾದದ್ದು. ಮಲೆನಾಡಿನ ಹೆಂಗಸರು ಡೇರೆ ಗೆಡ್ಡೆ ಹಂಚಿಕೊಂಡು ನೆಡುವಾಗ ಕೈಗೆ ಸಿಕ್ಕ ಯಾವ ಡಬ್ಬವನ್ನೂ ಬಿಡುವುದಿಲ್ಲ. ಚಂಡೀಗಢದಲ್ಲಿ ನೇಕ್ ಚಂದ್ ಅವರು 1957ರ ಸುಮಾರಿಗೆ ಗುಟ್ಟಾಗಿ ಶುರುಮಾಡಿ, ಒಡೆದ ಬಳೆ, ಪಿಂಗಾಣಿ ಚೂರುಗಳಿಂದ ಕಟ್ಟಿದ ರಾಕ್ ಗಾರ್ಡನ್ 1976ರಲ್ಲಿ ಜನರಿಗೆ ತೆರೆಯಿತು. ಅದರ ಚಿತ್ರಗಳನ್ನು ಮಕ್ಕಳಿಗೆ ತೋರಿಸಿಬಿಡಿ. ಕಸದ ಬಗ್ಗೆ ಭಾಷಣ ಮಾಡುವ ಕೆಲಸ ತಪ್ಪುತ್ತದೆ.

ಬೇರೂ ಉಸಿರಾಡುತ್ತದೆ

ಮಣ್ಣಿನ ಕಣಗಳ ನಡುವೆ ಸಣ್ಣ ಸಣ್ಣ ಸಂದುಗಳಿರುತ್ತವೆ. ನೀರು ಹಾಕಿದಾಗ ಅವು ತುಂಬುತ್ತವೆ, ಹೆಚ್ಚಿನ ನೀರು ಕೆಳಗಿಳಿದಂತೆ ಆ ಜಾಗಕ್ಕೆ ಗಾಳಿ ಬರುತ್ತದೆ. ಬೇರಿಗೆ ಆಮ್ಲಜನಕ ಸಿಗುವುದು ಹೀಗೆ. ತಳದಲ್ಲಿ ತೂತಿಲ್ಲದಿದ್ದರೆ ನೀರು ಇಳಿಯಲು ದಾರಿಯಿಲ್ಲ. ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಬೇರು ಕೊಳೆತ ಗಿಡ ನೀರು ಹೀರಲಾರದೆ ಬಾಡುತ್ತದೆ, ನಾವು ನೀರು ಸಾಲದೆಂದು ಇನ್ನೊಂದು ಚೊಂಬು ಸುರಿಯುತ್ತೇವೆ. ಮಣ್ಣಿನ ಕುಂಡವಾದರೆ ಅದರ ಗೋಡೆಯಿಂದಲೂ ಒಂದಿಷ್ಟು ತೇವ ಆರುತ್ತದೆ. ಪ್ಲಾಸ್ಟಿಕ್ಕಿಗೂ ತಗಡಿಗೂ ಆ ಗುಣವಿಲ್ಲ.

‘ತಳಕ್ಕೆ ಒಂದು ಹಿಡಿ ಜಲ್ಲಿ ಹಾಕಿದರಾಯ್ತು, ನೀರು ನಿಲ್ಲಲ್ಲ’ ಎಂದು ಹೇಳುವವರು ಬಹಳ ಮಂದಿ. ಇದು ನಿಜವಲ್ಲ. ಬೇಕಾದರೆ ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ಅದ್ದಿ, ಹಿಂಡದೆ ಅಡ್ಡಡ್ಡ ಹಿಡಿಯಿರಿ. ಸ್ವಲ್ಪ ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಅದನ್ನೇ ಉದ್ದಕ್ಕೆ ನೆಟ್ಟಗೆ ಹಿಡಿಯಿರಿ, ಮತ್ತೆ ನೀರು ಸುರಿಯುತ್ತದೆ. ಮಣ್ಣು ಕೂಡ ತನ್ನ ತಳದಲ್ಲಿ ಒಂದು ಪದರ ನೀರನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಡಬ್ಬ ಎತ್ತರವಿದ್ದಷ್ಟೂ ಆ ಒದ್ದೆ ಪದರದ ಮೇಲೆ ಬೇರಿಗೆ ಉಸಿರಾಡುವ ಜಾಗ ಹೆಚ್ಚು. ತಳಕ್ಕೆ ಎರಡಿಂಚು ಜಲ್ಲಿ ತುಂಬಿದರೆ ಒದ್ದೆ ಪದರ ಜಲ್ಲಿಯ ಮೇಲೆ ಬಂದು ಕೂರುತ್ತದೆ, ಬೇರಿನ ಪಾಲಿಗೆ ಎರಡಿಂಚು ಮಣ್ಣು ಖೋತಾ. ಜಲ್ಲಿಯ ಆಸೆ ಬಿಟ್ಟು ತೂತು ಹೊಡೆಯಿರಿ.

ಮಕ್ಕಳಿಗೆ ಇದನ್ನು ಹೇಳಿ ಒಪ್ಪಿಸುವುದಕ್ಕಿಂತ ತೋರಿಸುವುದು ಸುಲಭ. ಒಂದೇ ಅಳತೆಯ ಎರಡು ಮೊಸರಿನ ಡಬ್ಬ ತೆಗೆದುಕೊಳ್ಳಿ. ಒಂದರ ತಳಕ್ಕೆ ಐದು ತೂತು, ಇನ್ನೊಂದಕ್ಕೆ ಇಲ್ಲ. ಎರಡಕ್ಕೂ ಒಂದೇ ಮಣ್ಣು, ಒಂದೊಂದು ಚಮಚ ಮೆಂತ್ಯ, ದಿನಾ ಒಂದೇ ಅಳತೆಯ ನೀರು. ಮೊಳಕೆ ಎರಡರಲ್ಲೂ ಬರುತ್ತದೆ. ‘ನೋಡಿ, ತೂತು ಬೇಕಾಗೇ ಇರಲಿಲ್ಲ’ ಎಂದು ಮಗು ವಾದಿಸಲಿ ಬಿಡಿ. ವ್ಯತ್ಯಾಸ ಕಾಣತೊಡಗುವುದು ಆಮೇಲೆ, ಗಿಡ ಎಲೆ ಬಿಡುವ ಹೊತ್ತಿಗೆ. ಕೊನೆಗೆ ಎರಡನ್ನೂ ಕಾಗದದ ಮೇಲೆ ಬೋರಲು ಹಾಕಿ ಬೇರು ನೋಡಿ: ಒಂದರಲ್ಲಿ ಬೆಳ್ಳಗೆ ಹರಡಿಕೊಂಡ ಬೇರು, ಇನ್ನೊಂದರಲ್ಲಿ ಕಂದು ಬಣ್ಣದ ಲೋಳೆ. ಮೂಸಿಯೂ ನೋಡಲಿ. ಚರಂಡಿ ನಾತ ಬಂದರೆ ಆ ಮಗು ಮುಂದೆಂದೂ ತೂತು ಮರೆಯುವುದಿಲ್ಲ.

ಯಾವ ಡಬ್ಬ, ಯಾವ ಗಿಡಕ್ಕೆ

ಕೆಲಸ ಶುರುವಾಗುವುದು ಗುಜರಿ ಹುಡುಕಾಟದಿಂದ. ಪ್ಲಾಸ್ಟಿಕ್ ಡಬ್ಬಗಳ ತಳದಲ್ಲಿ ಸಾಮಾನ್ಯವಾಗಿ ತ್ರಿಕೋನದೊಳಗೆ ಒಂದು ಅಂಕಿ ಅಚ್ಚಾಗಿರುತ್ತದೆ. ಅದನ್ನು ಹುಡುಕುವುದೇ ಮಕ್ಕಳಿಗೆ ಒಂದು ಆಟ. ನೀರು, ಕೂಲ್‌ಡ್ರಿಂಕ್ಸ್ ಬಾಟಲಿಗೆ 1, ಗಟ್ಟಿ ಕ್ಯಾನುಗಳಿಗೆ 2, ಮೆತ್ತಗಿನ ಕವರುಗಳಿಗೆ 4, ಐಸ್‌ಕ್ರೀಮ್ ಡಬ್ಬ ಮತ್ತು ಅನೇಕ ಬಕೆಟ್ಟುಗಳಿಗೆ 5. ತಿನ್ನುವ ಸೊಪ್ಪು ತರಕಾರಿಗೆ ಈ ನಾಲ್ಕು ಸಾಕು. 3, 6, 7 ಸಿಕ್ಕಿದರೆ ಹೂಗಿಡಕ್ಕೆ ಎತ್ತಿಡಿ.

ಡಬ್ಬದ ಅಂದಕ್ಕಿಂತ ಆಳ ಮುಖ್ಯ. ಮೆಂತ್ಯ, ಕೊತ್ತಂಬರಿ, ಹರಿವೆ, ಪುದೀನಕ್ಕೆ ನಾಲ್ಕರಿಂದ ಆರು ಇಂಚು ಮಣ್ಣು ಸಾಕು. ಬೀನ್ಸ್, ಅಲಸಂದೆಗೆ ಎಂಟು ಹತ್ತು ಇಂಚು ಬೇಕು. ಮೆಣಸಿನಕಾಯಿ, ಟೊಮೆಟೊ, ಬದನೆಗೆ ಒಂದಡಿ ಆಳದ, ಹತ್ತು ಲೀಟರಿಗೆ ಕಡಿಮೆಯಿಲ್ಲದ ಬಕೆಟ್ಟೇ ಆಗಬೇಕು. ಟೀ ಕಪ್ಪಿನಲ್ಲಿ ಟೊಮೆಟೊ ಸಸಿ ನೆಟ್ಟ ಚಿತ್ರಗಳು ಬೇಕಾದಷ್ಟು ಕಾಣಸಿಗುತ್ತವೆ. ಅವು ಚಿತ್ರ ತೆಗೆದ ದಿನದ ಗಿಡಗಳು.

ಕೆಲವನ್ನು ಮಾತ್ರ ಮುಟ್ಟಲೇಬೇಡಿ:

- ಕೀಟನಾಶಕ, ಫಿನಾಯಿಲ್, ಆಸಿಡ್, ಥಿನ್ನರ್ ಇದ್ದ ಡಬ್ಬ. ಎಷ್ಟು ತೊಳೆದರೂ ಬೇಡ, ಹೂಗಿಡಕ್ಕೂ ಬೇಡ.
- ಹಳೆ ಬ್ಯಾಟರಿ ಪೆಟ್ಟಿಗೆ, ಕಲ್ನಾರು ಶೀಟಿನ ತುಂಡು. ಒಂದರಲ್ಲಿ ಸೀಸ, ಇನ್ನೊಂದರಲ್ಲಿ ಶ್ವಾಸಕೋಶಕ್ಕೆ ಹೊಕ್ಕುವ ಎಳೆ.
- ಥರ್ಮಾಕೋಲ್ ಪೆಟ್ಟಿಗೆ. ಹಗುರ ನಿಜ, ಆದರೆ ಬಿಸಿಲಿಗೆ ಕಾಳು ಕಾಳಾಗಿ ಉದುರಿ ಮಣ್ಣಿನ ತುಂಬ ಸೇರುತ್ತದೆ.

ಎಮಲ್ಷನ್, ಡಿಸ್ಟೆಂಪರ್ ಇದ್ದ ಬಕೆಟ್ಟನ್ನು ಒಣಗಿದ ಪದರ ಕಿತ್ತು, ತಿಕ್ಕಿ ತೊಳೆದು ಹೂಗಿಡಕ್ಕೆ ಬಳಸಬಹುದು. ಟೈರು ಕೂಡ ಹೂವಿಗೆ ಮಾತ್ರ. ರಬ್ಬರಿನಲ್ಲಿರುವ ಸತು ಮತ್ತಿತರ ರಾಸಾಯನಿಕಗಳು ಮಣ್ಣಿಗಿಳಿಯುವುದರಿಂದ ಅದರಲ್ಲಿ ಸೊಪ್ಪು ಬೇಡ. ಹಳೆ ಜೀನ್ಸ್ ಪ್ಯಾಂಟಿನ ಕಾಲಿಗೆ ಮಣ್ಣು ತುಂಬಿ ನಿಲ್ಲಿಸುವುದು ಈಗ ದೊಡ್ಡ ಫ್ಯಾಷನ್. ಹತ್ತಿ ಬಟ್ಟೆ ಸದಾ ಒದ್ದೆಯಾಗಿದ್ದರೆ ಕೆಲವೇ ತಿಂಗಳಲ್ಲಿ ಕೊಳೆತು ಹರಿಯುತ್ತದೆ. ಮಗು ಹಟ ಹಿಡಿದರೆ ಒಳಗೊಂದು ತೂತು ಮಾಡಿದ ಪ್ಲಾಸ್ಟಿಕ್ ಕವರ್ ಇಟ್ಟು ಮಾಡಿ. ಅದೇ ಮಗುವಿಗೆ ಚಿಕ್ಕದಾದ ಗಮ್‌ಬೂಟು ಇದ್ದರೆ ಇನ್ನೂ ಒಳ್ಳೆಯದು. ಅಟ್ಟೆಗೆ ನಾಲ್ಕು ತೂತು ಕೊರೆದರೆ ಗಟ್ಟಿಮುಟ್ಟಾದ, ಸಾಕಷ್ಟು ಆಳದ ಕುಂಡ ಅದು.

ಎಣ್ಣೆ ಕ್ಯಾನಿನಲ್ಲಿ ಸೊಪ್ಪಿನ ಮಡಿ

ಮೊದಲ ಸಲಕ್ಕೆ ಐದು ಲೀಟರಿನ ಅಡುಗೆ ಎಣ್ಣೆ ಕ್ಯಾನಿಗಿಂತ ಒಳ್ಳೆಯದಿಲ್ಲ. ನಿಲ್ಲಿಸಿದರೆ ಆಳದ ಕುಂಡ, ಮಲಗಿಸಿದರೆ ಸೊಪ್ಪಿಗೆ ಹೇಳಿ ಮಾಡಿಸಿದ ತಟ್ಟೆ. ಹಿಡಿಯಿರುವುದರಿಂದ ಬಿಸಿಲಿಂದ ನೆರಳಿಗೆ ಮಗುವೇ ಎಳೆದುಕೊಂಡು ಹೋಗಬಹುದು.

1. ತೊಳೆಯಿರಿ. ಬಿಸಿನೀರಿಗೆ ಪಾತ್ರೆ ಸೋಪು ಅಥವಾ ಸೀಗೆಪುಡಿ ಹಾಕಿ, ಮುಚ್ಚಳ ಮುಚ್ಚಿ ಮಗುವಿನ ಕೈಗೆ ಕೊಟ್ಟರೆ ಕುಲುಕುವ ಕೆಲಸ ಅದರದು. ಕೈ ಸುಡದಷ್ಟು ಬಿಸಿಯಿರಲಿ. ಎಣ್ಣೆ ಜಿಡ್ಡು ಉಳಿದರೆ ಇರುವೆ ಸಾಲುಗಟ್ಟುತ್ತದೆ.

2. ಕ್ಯಾನನ್ನು ಅಗಲವಾದ ಮಗ್ಗುಲಿಗೆ ಮಲಗಿಸಿ. ಮೇಲೆ ಬಂದ ಮುಖದಲ್ಲಿ ಅಂಚಿನಿಂದ ಒಂದಿಂಚು ಬಿಟ್ಟು ಮಾರ್ಕರಿನಿಂದ ಚೌಕ ಎಳೆಯಲು ಮಗುವಿಗೆ ಹೇಳಿ. ಗೆರೆ ಸೊಟ್ಟಗಾದರೂ ತಿದ್ದಬೇಡಿ.

3. ಕತ್ತರಿಸುವ ಮೊದಲೇ ತೂತು ಮಾಡಿ. ಇಡೀ ಕ್ಯಾನು ಗಟ್ಟಿಯಾಗಿ ನಿಲ್ಲುತ್ತದೆ, ಕತ್ತರಿಸಿದ ಮೇಲೆ ಒಳಕ್ಕೆ ಬಗ್ಗುತ್ತದೆ. ತಳಕ್ಕೆ ಬರುವ ಮುಖದಲ್ಲಿ ಎಂಟು ಹತ್ತು ಕಡೆ ಮಗು ಚುಕ್ಕೆ ಇಡಲಿ, ತೂತು ನೀವು ಮಾಡಿ. ಡ್ರಿಲ್ ಇದ್ದರೆ ಸರಿ. ಇಲ್ಲದಿದ್ದರೆ ದಬ್ಬಣವನ್ನೋ ಹಳೆ ಸ್ಕ್ರೂಡ್ರೈವರನ್ನೋ ಕಾಯಿಸಿ ಚುಚ್ಚಿ. ಹೊಗೆ ಮೂಗಿಗೆ ಬರದಂತೆ ಬಯಲಿನಲ್ಲಿ ಮಾಡಿ, ಮಗು ನಾಲ್ಕು ಹೆಜ್ಜೆ ದೂರವಿರಲಿ. ತೂತು ಪೆನ್ಸಿಲ್ ದಪ್ಪ ಇರಬೇಕು. ಸೂಜಿ ತೂತು ಎರಡೇ ವಾರದಲ್ಲಿ ಮಣ್ಣಿನಿಂದ ಮುಚ್ಚಿಹೋಗುತ್ತದೆ.

4. ಈಗ ಕಟರಿನಿಂದ ಚೌಕ ಕತ್ತರಿಸಿ ತೆಗೆಯಿರಿ. ಉಳಿದ ಅಂಚು ಕೈ ಕೊಯ್ಯುತ್ತದೆ. ಹಳೆ ನೀರಿನ ಪೈಪಿನ ತುಂಡನ್ನು ಉದ್ದಕ್ಕೆ ಸೀಳಿ ಅಂಚಿಗೆ ಸಿಕ್ಕಿಸಿದರೆ ಸುರಕ್ಷಿತ, ನೋಡಲೂ ಚೆಂದ. ಸೀಳಿದ ಸೈಕಲ್ ಟ್ಯೂಬನ್ನು ಅಂಟಿಸಿದರೂ ಆಗುತ್ತದೆ.

5. ತೂತುಗಳ ಮೇಲೆ ಹಳೆ ಸೊಳ್ಳೆಪರದೆಯ ತುಂಡನ್ನೋ ತೆಂಗಿನ ನಾರನ್ನೋ ತೆಳ್ಳಗೆ ಹಾಸಿ. ಮಣ್ಣು ಸೋರದಂತೆ ತಡೆಯುವುದಷ್ಟೇ ಇದರ ಕೆಲಸ.

6. ಮಣ್ಣು ತುಂಬಿ, ಮೇಲೆ ಒಂದಿಂಚು ಖಾಲಿ ಬಿಡಿ. ಹಾಕಿದ ನೀರು ಒಂದು ಕ್ಷಣ ನಿಂತು ಇಳಿಯಲು ಆ ಜಾಗ ಬೇಕು.

7. ಬೀಜ ಉದುರಿಸಿ, ಬೀಜದ ಎರಡರಷ್ಟು ದಪ್ಪಕ್ಕೆ ಮಣ್ಣು ಹರಡಿ. ನೀರನ್ನು ಸುರಿಯಬೇಡಿ, ಚಿಮುಕಿಸಿ. ಬಾಟಲಿಯ ಮುಚ್ಚಳಕ್ಕೆ ಕಾದ ಸೂಜಿಯಿಂದ ಹತ್ತು ಹದಿನೈದು ತೂತು ಮಾಡಿಕೊಟ್ಟರೆ ಅದೇ ಮಗುವಿನ ಝಾರಿ.

8. ಕ್ಯಾನಿನ ಎರಡೂ ತುದಿಗೆ ಇಟ್ಟಿಗೆ ಚೂರು ಕೊಟ್ಟು ನೆಲದಿಂದ ಸ್ವಲ್ಪ ಎತ್ತಿ ಇಡಿ. ತಳ ನೆಲಕ್ಕೆ ಅಂಟಿ ಕೂತರೆ ತೂತಿದ್ದೂ ಇಲ್ಲದಂತೆ.

ಮಣ್ಣಿನ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಹೊಲದಲ್ಲಿ ಚೆನ್ನಾಗಿರುವ ಕೆಂಪು ಮಣ್ಣು ಡಬ್ಬಕ್ಕೆ ಬಂದಾಗ ಬರಿದೇ ಬಳಸಿದರೆ ಗಟ್ಟಿಯಾಗಿಬಿಡುತ್ತದೆ. ಅಲ್ಲಿ ಅದನ್ನು ಸಡಿಲಿಸಲು ಎರೆಹುಳುವೂ ಇಲ್ಲ, ಆಳದ ಬೇರುಗಳೂ ಇಲ್ಲ. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಸೇರಿಸಿ. ಬಕೆಟ್ಟಿಗೆ ಒಂದು ಹಿಡಿ ಬೇವಿನ ಹಿಂಡಿ ಬಿದ್ದರೆ ಒಳ್ಳೆಯದು. ಧಾರವಾಡ, ವಿಜಯಪುರದ ಕಡೆಯ ಎರೆ ಮಣ್ಣು ಒದ್ದೆಯಾದಾಗ ಉಬ್ಬಿ, ಒಣಗಿದಾಗ ಬಿರುಕು ಬಿಡುತ್ತದೆ. ಅದಕ್ಕೆ ಮರಳನ್ನೂ ಗೊಬ್ಬರವನ್ನೂ ಧಾರಾಳವಾಗಿ ಬೆರೆಸಬೇಕು. ಬೆರೆಸಿದ್ದನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿ ನೋಡಲು ಮಗುವಿಗೆ ಹೇಳಿ: ಉಂಡೆ ಕಟ್ಟಬೇಕು, ಬೆರಳು ತಾಗಿಸಿದರೆ ಒಡೆಯಬೇಕು. ಒಡೆಯದಿದ್ದರೆ ನಾರಿನ ಪುಡಿ ಇನ್ನಷ್ಟು ಬೇಕು, ಉಂಡೆಯೇ ಕಟ್ಟದಿದ್ದರೆ ಮಣ್ಣು ಸಾಲದು.

ನೀರು ತಾನೇ ಕುಡಿಯುವ ಬಾಟಲಿ

ಎಲ್ಲ ಬಗೆಗಳಲ್ಲಿ ಮಕ್ಕಳಿಗೆ ಹೆಚ್ಚು ಹಿಡಿಸುವುದು ಇದು. ಊರಿಗೆ ಹೋದಾಗ ಗಿಡಕ್ಕೆ ನೀರು ಹಾಕುವವರು ಯಾರು ಎಂಬ ಚಿಂತೆಗೂ ಉತ್ತರ. ಹತ್ತಿಯ ಎಳೆಗಳ ನಡುವಿನ ಸಣ್ಣ ಸಂದುಗಳಲ್ಲಿ ನೀರು ತಾನಾಗಿ ಮೇಲೇರುತ್ತದೆ, ದೇವರ ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ. ಬೀಟ್‌ರೂಟ್ ಬೇಯಿಸಿದ ನೀರಿನಲ್ಲಿ ಹಳೆ ಬನಿಯನ್ನಿನ ಪಟ್ಟಿಯೊಂದನ್ನೂ ಪಾಲಿಯೆಸ್ಟರ್ ಸೀರೆಯ ಪಟ್ಟಿಯೊಂದನ್ನೂ ತುದಿ ಮಾತ್ರ ಮುಳುಗುವಂತೆ ಇಳಿಬಿಡಿ. ಯಾವುದರಲ್ಲಿ ಕೆಂಪು ಬೇಗ ಏರುತ್ತದೆ ನೋಡಿ ಮಗುವೇ ಬತ್ತಿ ಆರಿಸಲಿ.

1. ಎರಡು ಲೀಟರ್ ಬಾಟಲಿಯನ್ನು ನಡುವಿಗಿಂತ ಸ್ವಲ್ಪ ಮೇಲೆ ಅಡ್ಡಕ್ಕೆ ಕತ್ತರಿಸಿ.

2. ಮುಚ್ಚಳಕ್ಕೆ ತೂತು ಮಾಡಿ, ಬೆರಳಗಲದ ಒಂದಡಿ ಉದ್ದದ ಹತ್ತಿ ಪಟ್ಟಿಯನ್ನು ತೂರಿಸಿ. ಅರ್ಧ ಒಳಗೆ, ಅರ್ಧ ಹೊರಗೆ. ಮುಚ್ಚಳ ಹಾಕಿ.

3. ಮೇಲಿನ ಭಾಗವನ್ನು ತಲೆಕೆಳಗು ಮಾಡಿ ಕೆಳಗಿನ ಭಾಗದೊಳಗೆ ಕೂರಿಸಿ.

4. ಮಣ್ಣು ತುಂಬುವಾಗ ಒಬ್ಬರು ಬತ್ತಿಯನ್ನು ನಡುವೆ ನೆಟ್ಟಗೆ ಎತ್ತಿ ಹಿಡಿದಿರಬೇಕು. ತಳದಲ್ಲಿ ಮುದ್ದೆಯಾಗಿ ಬಿದ್ದರೆ ಅಲ್ಲಷ್ಟೇ ಒದ್ದೆಯಾಗಿ ಮೇಲೆ ಒಣಗಿರುತ್ತದೆ.

5. ಮೊದಲ ಸಲ ನೀರನ್ನು ಮೇಲಿನಿಂದಲೇ ಹಾಕಿ ಮಣ್ಣು, ಬತ್ತಿ ಎರಡೂ ನೆನೆಯಲಿ. ಒಣಗಿದ ಮಣ್ಣಿಗೆ ಬತ್ತಿ ನೀರು ದಾಟಿಸುವುದಿಲ್ಲ. ಆಮೇಲೆ ಕೆಳಗಿನ ಭಾಗಕ್ಕೆ ಮುಚ್ಚಳ ತಾಗದಷ್ಟು ನೀರು ತುಂಬಿ.

6. ಹೊರಗೆ ಹಳೆ ಬಟ್ಟೆಯನ್ನೋ ಕಂದು ಕಾಗದವನ್ನೋ ಸುತ್ತಿ. ಪಾರದರ್ಶಕ ಬಾಟಲಿಗೆ ಬಿಸಿಲು ಬಿದ್ದರೆ ನೀರು ಪಾಚಿಗಟ್ಟುತ್ತದೆ, ಬೇರಿಗೂ ಬೆಳಕು ಹಿತವಲ್ಲ.

ಪುದೀನ, ಮೆಂತ್ಯ, ಮನಿಪ್ಲಾಂಟಿಗೆ ಇದು ಹೊಂದುತ್ತದೆ. ಲೋಳೆಸರ, ಕಳ್ಳಿ ಜಾತಿಯ ಗಿಡಗಳನ್ನು ಇದರಲ್ಲಿ ಹಾಕಿದರೆ ಕೊಳೆಯುತ್ತವೆ.

ಚಿಪ್ಪು, ಚೀಲ, ಪ್ಯಾಕೆಟ್ಟು

ತೆಂಗಿನ ಚಿಪ್ಪಿಗೆ ಡ್ರಿಲ್ಲೇ ಬೇಡ. ಕಣ್ಣಿರುವ ಹೋಳನ್ನು ತೆಗೆದುಕೊಂಡು ಮೂರೂ ಕಣ್ಣುಗಳನ್ನು ಮಗು ಮೊಳೆಯಿಂದ ಒತ್ತಿ ನೋಡಲಿ. ಎರಡು ಗಟ್ಟಿ, ಒಂದು ಮೆತ್ತಗೆ. ತೆಂಗಿನ ಮೊಳಕೆ ಹೊರಬರುವ ದಾರಿ ಅದೇ. ಅದನ್ನೇ ಚುಚ್ಚಿದರೆ ನೀರು ಹೋಗುವ ತೂತು ಸಿದ್ಧ. ಚಿಪ್ಪಿನಲ್ಲಿ ಹಿಡಿಸುವ ಮಣ್ಣು ಒಂದೆರಡು ಹಿಡಿ, ಬೇಗ ಒಣಗುತ್ತದೆ. ಹಾಗಾಗಿ ಬಿಸಿಲು ತಾಳುವ ಟೇಬಲ್‌ರೋಸ್ ಕಡ್ಡಿ ಸಿಕ್ಕಿಸಿ. ಸಾಸಿವೆ ಮೊಳಕೆಗೂ ಆದೀತು.

ಹತ್ತು ಕಿಲೊ ಅಕ್ಕಿ ಚೀಲ ಅರಿಸಿನ, ಶುಂಠಿ, ಗೆಣಸಿಗೆ ತಕ್ಕದ್ದು. ತಳದ ಎರಡು ಮೂಲೆಗಳನ್ನು ಒಳಕ್ಕೆ ತಳ್ಳಿದರೆ ಚೀಲ ಚೌಕವಾಗಿ ಕೂರುತ್ತದೆ, ಬಾಯನ್ನು ಹೊರಕ್ಕೆ ಎರಡು ಸುತ್ತು ಮಡಿಚಿದರೆ ನೆಟ್ಟಗೆ ನಿಲ್ಲುತ್ತದೆ. ಬರೀ ನೇಯ್ಗೆಯ ಚೀಲದಲ್ಲಿ ನೀರು ತಾನೇ ಸೋರುತ್ತದೆ. ಬಣ್ಣದ ಚಿತ್ರ ಅಚ್ಚಾದ ನುಣುಪು ಚೀಲಕ್ಕೆ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ, ಅದಕ್ಕೆ ತೂತು ಬೇಕೇ ಬೇಕು.

ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟು ಸಸಿ ಮಾಡಲು ನರ್ಸರಿ ಚೀಲಕ್ಕೆ ಸಮ. ತೊಳೆದು, ತಳಕ್ಕೆ ಮೂರು ನಾಲ್ಕು ತೂತು ಮಾಡಿ, ಸಸಿ ನಾಲ್ಕೆಲೆಯಾದ ಮೇಲೆ ಪ್ಯಾಕೆಟ್ಟು ಸೀಳಿ ಮಣ್ಣಿನ ಹೆಂಟೆ ಒಡೆಯದಂತೆ ದೊಡ್ಡ ಕುಂಡಕ್ಕೆ ಇಳಿಸಿ.

ಏನು ಬಿತ್ತುವುದು

ಮಕ್ಕಳ ತಾಳ್ಮೆ ಒಂದು ವಾರದ್ದು. ಅಷ್ಟರೊಳಗೆ ಏನಾದರೂ ಹಸಿರು ಕಾಣಬೇಕು. ಮೆಂತ್ಯ ಎರಡು ನಾಲ್ಕು ದಿನದಲ್ಲಿ ಮೊಳೆತು ಮೂರು ನಾಲ್ಕು ವಾರದಲ್ಲಿ ಕೊಯ್ಲಿಗೆ ಬರುತ್ತದೆ. ಹರಿವೆ, ಅಲಸಂದೆ ಕೂಡ ಬೇಗ. ಕೊತ್ತಂಬರಿ ಹತ್ತು ದಿನ ಕಾಯಿಸುತ್ತದೆ. ಅದರ ಕಾಳೊಂದರಲ್ಲಿ ಎರಡು ಬೀಜಗಳಿರುವುದರಿಂದ ಲಟ್ಟಣಿಗೆಯಿಂದ ಮೆಲ್ಲಗೆ ಉಜ್ಜಿ ಹೋಳು ಮಾಡಿ ಬಿತ್ತಬೇಕು, ಈ ಕೆಲಸ ಮಕ್ಕಳಿಗೇ ಬಿಡಿ. ಅಡುಗೆಮನೆಯ ಮೆಂತ್ಯ, ಕೊತ್ತಂಬರಿ, ಸಾಸಿವೆಯಲ್ಲೇ ಶುರುಮಾಡಬಹುದು. ಒಳ್ಳೆಯ ತಳಿ ಬೇಕೆಂದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ಹರಿವೆ, ಅರ್ಕಾ ಅನುಪಮ ಪಾಲಕ್ ಇವೆ. ಬುಡ ಬಿಟ್ಟು ಕೊಯ್ದರೆ ಮತ್ತೆ ಮತ್ತೆ ಚಿಗುರುವ ತಳಿಗಳು.

ಏಪ್ರಿಲ್–ಮೇ ತಿಂಗಳಲ್ಲಿ ಹರಿವೆ, ಬಸಳೆ, ಪುಂಡಿ, ಚೆಂಡುಹೂವು ಗೆಲ್ಲುತ್ತವೆ. ಕೊತ್ತಂಬರಿ, ಪಾಲಕ್ ಬಿಸಿಲಿಗೆ ಸೊರಗುತ್ತವೆ. ಅವುಗಳಿಗೆ ದಸರಾ ರಜೆಯೇ ಸರಿ. ಕಲಬುರಗಿ, ರಾಯಚೂರಿನಂಥ ಕಡೆ ಬೇಸಿಗೆಯ ಮಧ್ಯಾಹ್ನಕ್ಕೆ ಹಳೆ ಸೀರೆಯ ನೆರಳು ಕಟ್ಟಲೇಬೇಕು. ಕರಾವಳಿ, ಮಲೆನಾಡಿನವರು ಜೂನ್ ಬಂದೊಡನೆ ಡಬ್ಬಗಳನ್ನು ಸೂರಿನೊಳಗೆ ಸರಿಸಬೇಕು.

ಯಾರ ಕೈಗೆ ಯಾವ ಕೆಲಸ

ಮೂರರಿಂದ ಐದು ವರ್ಷದವರಿಗೆ ಮಣ್ಣು ಬೆರೆಸುವುದು, ತುಂಬುವುದು, ದಪ್ಪ ಬೀಜ ಊರುವುದು, ನೀರು ಚಿಮುಕಿಸುವುದು. ಆರರಿಂದ ಒಂಬತ್ತರವರು ಅಳೆಯಲಿ, ಗುರುತು ಹಾಕಲಿ. ತಗಡಿನ ಡಬ್ಬಕ್ಕೆ ಮೊಳೆ ಹೊಡೆಯಲಿ. ಡಬ್ಬವನ್ನು ಮರದ ದಿಮ್ಮಿಯ ಮೇಲೆ ಬೋರಲು ಹಾಕಿ, ದಿಮ್ಮಿ ಒಳಗೆ ತಳಕ್ಕೆ ತಾಗುವಂತಿದ್ದರೆ ತಗಡು ತಗ್ಗುವುದಿಲ್ಲ. ಮೊಳೆಯನ್ನು ನೀವು ಇಕ್ಕಳದಲ್ಲಿ ಹಿಡಿಯಿರಿ, ಸುತ್ತಿಗೆ ಅವರದ್ದಾಗಲಿ. ಹತ್ತು ದಾಟಿದವರು ನೀವು ಪಕ್ಕದಲ್ಲಿದ್ದರೆ ಕತ್ತರಿಸಬಲ್ಲರು, ಕೊರೆಯಬಲ್ಲರು. ಅವ್ವ ಅಜ್ಜಿಯರಿದ್ದರೆ ಮಣ್ಣಿನ ಹದ ನೋಡುವ ಪಟ್ಟ ಅವರಿಗೆ. ಪ್ರತಿ ಮಗುವಿಗೂ ಅದರದ್ದೇ ಒಂದು ಡಬ್ಬ ಇರಲಿ, ಹೆಸರು ಬರೆದು. ಹಂಚಿಕೊಂಡ ಡಬ್ಬಕ್ಕೆ ನೀರು ಎರಡು ಸಲ ಬೀಳುತ್ತದೆ, ಇಲ್ಲವೇ ಬೀಳುವುದೇ ಇಲ್ಲ.

ಮೊಳಕೆ ಬರುವ ತನಕ ಮಕ್ಕಳ ಕೈ ಸುಮ್ಮನಿರುವುದಿಲ್ಲ. ಬಣ್ಣ ಹಚ್ಚುವ ಕೆಲಸವನ್ನು ಆ ದಿನಗಳಿಗೆಂದೇ ಉಳಿಸಿಕೊಳ್ಳಿ. ನುಣುಪಾದ ಪ್ಲಾಸ್ಟಿಕ್ಕಿನ ಮೇಲೆ ಬಣ್ಣ ನಿಲ್ಲುವುದಿಲ್ಲ. ಉಪ್ಪುಕಾಗದದಿಂದ ಉಜ್ಜಿ ಒರಟು ಮಾಡಿ ಅಕ್ರಿಲಿಕ್ ಹಚ್ಚಬೇಕು, ಹೊರಗೆ ಮಾತ್ರ. ಅಟ್ಟದಲ್ಲಿ ಉಳಿದ ಹಳೆ ಎನಾಮಲ್ ಡಬ್ಬ ಮುಟ್ಟಬೇಡಿ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ, ಅದಕ್ಕೂ ಹಿಂದಿನದನ್ನು ನಂಬುವಂತಿಲ್ಲ. ತಗಡಿನ ಡಬ್ಬಕ್ಕೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಗೆರೆ ಎಳೆಸಬಹುದು. ಮಲೆನಾಡಿನ ದೀವರ ಹೆಂಗಸರ ಹಸೆ ಚಿತ್ತಾರದ ಮುಖ್ಯ ಬಣ್ಣಗಳು ಇವೇ. ಮಳೆಗೆ ತೊಳೆದುಹೋದರೆ ಇನ್ನೊಮ್ಮೆ ಬರೆಯಲು ಮಕ್ಕಳಿಗೆ ಬೇಸರವೇನಿಲ್ಲ.

ಎಚ್ಚರ

- ತಟ್ಟೆಯಲ್ಲಿ, ಖಾಲಿ ಡಬ್ಬದಲ್ಲಿ ನಿಂತ ನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಯ ತೊಟ್ಟಿಲು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡು ಒಣಗಿದರೂ ಬದುಕಿರುತ್ತವೆ. ಆದ್ದರಿಂದ ವಾರಕ್ಕೊಮ್ಮೆ ನೀರು ಚೆಲ್ಲುವುದಷ್ಟೇ ಅಲ್ಲ, ಬ್ರಶ್ಶಿನಿಂದ ತಿಕ್ಕಿ. ಬತ್ತಿ ಬಾಟಲಿಗೂ ಇದೇ ನಿಯಮ.
- ಹಿತ್ತಿಲಿನ ಗುಜರಿ ರಾಶಿಗೆ ಮಕ್ಕಳು ನೇರ ಕೈ ಹಾಕಬಾರದು. ಟೈರು, ಡಬ್ಬಗಳ ಸಂದಿನಲ್ಲಿ ಚೇಳು, ಜರಿ, ಹಾವು ಸೇರಿರುತ್ತವೆ. ಮೊದಲು ಕೋಲಿನಿಂದ ಬಡಿದು ನೋಡಿ.
- ಗುಲಾಬಿಯೋ ನೀಲಿಯೋ ಬಣ್ಣ ಹಚ್ಚಿದ ಬೀಜಕ್ಕೆ ಔಷಧ ಲೇಪಿಸಿರುತ್ತಾರೆ. ಮಕ್ಕಳ ಕೈಗೆ ಕೊಡಬೇಡಿ.
- ಸಣ್ಣ ಮಕ್ಕಳಿರುವ ಮನೆಯಲ್ಲಿ ಕಣಗಿಲೆ, ಉಮ್ಮತ್ತಿ, ಡೈಫನ್‌ಬೇಕಿಯ ಬೇಡ. ವಿಷಗಿಡಗಳು.
- ಒಣಗಿದ ಗೊಬ್ಬರ, ನಾರಿನ ಪುಡಿಯನ್ನು ನೀರು ಚಿಮುಕಿಸಿಯೇ ಬೆರೆಸಿ, ಧೂಳು ಮೂಗಿಗೆ ಹೋಗದಿರಲಿ. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಸಿ. ತುಕ್ಕು ತಗಡು ಕೊಯ್ದರೆ ಟಿಟಿ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ.
- ಇಪ್ಪತ್ತು ಲೀಟರಿನ ಬಕೆಟ್ಟು ಒದ್ದೆ ಮಣ್ಣಿನೊಡನೆ ಇಪ್ಪತ್ತು ಕಿಲೊ ಮೀರಿ ತೂಗುತ್ತದೆ. ಬಾಲ್ಕನಿಯ ಕಟ್ಟೆಯ ಮೇಲೆ, ಕಂಬಿಗೆ ನೇತುಹಾಕಿ ಇಡುವಂಥದ್ದಲ್ಲ. ಕೆಳಗೆ ಜನ ಓಡಾಡುತ್ತಾರೆ.

ಪದೇ ಪದೇ ಆಗುವ ತಪ್ಪುಗಳು

*ದಿನಾ ನೀರು.* ಪ್ರೀತಿ ಹೆಚ್ಚಾದಷ್ಟೂ ನೀರು ಹೆಚ್ಚು. ಬೆರಳನ್ನು ಮೊದಲ ಗೆಣ್ಣಿನ ತನಕ ಮಣ್ಣಿಗೆ ಚುಚ್ಚಿ, ಒಣಗಿದ್ದರೆ ಮಾತ್ರ ಹಾಕಲಿ. ಡಬ್ಬ ಎತ್ತಿ ನೋಡಿದರೂ ತಿಳಿಯುತ್ತದೆ, ಹಗುರಾದರೆ ಬಾಯಾರಿದೆ ಎಂದರ್ಥ.

*ಕಪ್ಪು ಡಬ್ಬ, ಬರಿಯ ತಗಡು ನಡುಬಿಸಿಲಿನಲ್ಲಿ.* ಮಣ್ಣು ಕಾದು ಬೇರು ಬೇಯುತ್ತದೆ. ಹೊರಗೆ ಸುಣ್ಣ ಬಳಿಯಿರಿ ಅಥವಾ ಗೋಣಿ ಸುತ್ತಿ.

*ಬೀಜ ಸುರಿಯುವುದು.* ಮಕ್ಕಳು ಹಿಡಿಗಟ್ಟಲೆ ಸುರಿಯುತ್ತಾರೆ, ಸುರಿಯಲಿ. ನಾಲ್ಕೆಲೆ ಬಂದಾಗ ಒತ್ತಾದ ಸಸಿಗಳನ್ನು ಕಿತ್ತು ಅಂದಿನ ಸಾರಿಗೆ ಹಾಕಿ. ಅದನ್ನೇ ಕೊಯ್ಲು ಎಂದರೆ ಮಕ್ಕಳು ನಂಬುತ್ತಾರೆ, ತಪ್ಪೂ ಇಲ್ಲ.

*ಹಾಲು, ಸಕ್ಕರೆ ಬೆರೆತ ಟೀ ಚರಟ ಸುರಿಯುವುದು.* ಇರುವೆಗೆ ಆಹ್ವಾನ. ಚರಟ ಹಾಕುವುದಾದರೆ ತೊಳೆದು ಒಣಗಿಸಿ. ಅಕ್ಕಿ ತೊಳೆದ ನೀರು ಆಗಬಹುದು, ಆದರೆ ಅದೇ ಗೊಬ್ಬರವಲ್ಲ. ಡಬ್ಬದ ಮಣ್ಣಿನ ಸತ್ವ ನೀರಿನೊಡನೆ ಇಳಿದುಹೋಗುತ್ತಿರುತ್ತದೆ, ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಎರೆಗೊಬ್ಬರ ಬೇಕು.

*ಡಬ್ಬ ಶಾಶ್ವತ ಎಂದುಕೊಳ್ಳುವುದು.* ಬಿಸಿಲಿಗೆ ಬಾಟಲಿ ಪೆಡಸಾಗುತ್ತದೆ, ಅಕ್ಕಿ ಚೀಲ ಪುಡಿ ಉದುರತೊಡಗುತ್ತದೆ, ತಗಡು ತುಕ್ಕು ತಿನ್ನುತ್ತದೆ. ಉಗುರಿನಿಂದ ಒತ್ತಿದರೆ ಚಟ್ಟೆಂದು ಬಿರುಕು ಬಿಡುವ ಹಂತಕ್ಕೆ ಬಂದಾಗ ಇನ್ನೊಂದು ಬೆಳೆಗೆ ಎಳೆಯಬೇಡಿ, ಆ ಚೂರೆಲ್ಲ ಮಣ್ಣಿಗೆ ಸೇರುತ್ತದೆ. ಮಣ್ಣನ್ನು ಹಾಳೆಯ ಮೇಲೆ ಸುರಿದು, ಬೇರು ಆರಿಸಿ, ಎರಡು ದಿನ ಬಿಸಿಲಿಗೆ ಹರಡಿ, ಕಾಲು ಭಾಗ ಹೊಸ ಗೊಬ್ಬರ ಬೆರೆಸಿದರೆ ಮುಂದಿನ ಡಬ್ಬಕ್ಕೆ ತಯಾರು. ಹಳೆಯದನ್ನು ಮಣ್ಣು ಹೋಗುವಂತೆ ತೊಳೆದು ಒಣಕಸದ ಚೀಲಕ್ಕೆ ಹಾಕಿ, ಹಸಿಕಸದ ಬುಟ್ಟಿಗಲ್ಲ.